ಟೇಪಿನಲ್ಲಿರುವುದು ಅಲೆಯೋ, ಅಂಕಿಯೋ?

ಹಳೆಯ ಕ್ಯಾಮ್‌ಕಾರ್ಡರ್ ಕಪಾಟಿನಿಂದ ಹೊರಗೆ ಬಂತು. ಅದರ ಪುಟ್ಟ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿಗೆ ಹಾಕಿ ನೋಡಿದರೆ ಮಾತ್ರ ಮಂಕು. ಬಣ್ಣ ಕದಡಿದೆ. ಯಾರಾದರೂ ಕೈ ಬೀಸಿದರೆ ಬೆರಳಿನ ಅಂಚಿಗೆ ಬಾಚಣಿಗೆಯ ಹಲ್ಲು! ಟೇಪ್ ಹೋಯಿತು ಅಂತ ಎಸೆಯಬೇಡಿ. ಎಷ್ಟೋ ಸಲ ತಪ್ಪು ಟೇಪಿನದಲ್ಲ, ತಂತಿಯದು.

ಟೇಪಿನಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು. 1995ರಲ್ಲಿ ಬಂದ ಪುಟ್ಟ ಡಿಜಿಟಲ್ ಟೇಪು ಮಿನಿ ಡಿವಿಯಾದರೆ ಅದರಲ್ಲಿರುವುದು ಬರೀ ಅಂಕಿಗಳು. ಶೂಟ್ ಮಾಡುವಾಗಲೇ ಕ್ಯಾಮೆರಾ ಪ್ರತಿ ಫ್ರೇಮನ್ನೂ ಸೊನ್ನೆ-ಒಂದುಗಳಾಗಿಸಿ, ಸುಮಾರು ಐದನೇ ಒಂದು ಪಾಲಿಗೆ ಕುಗ್ಗಿಸಿ, ಸೆಕೆಂಡಿಗೆ 25 ಮೆಗಾಬಿಟ್‌ನಂತೆ ಬರೆದಿಟ್ಟಿರುತ್ತದೆ. ಟೇಪಿನ ಅಗಲ 6.35 ಮಿಲಿಮೀಟರ್ ಅಷ್ಟೇ. ಟೇಪಿಗೆ ಬರೆಯುವ, ಓದುವ ಎರಡು ಹೆಡ್ ಇರುವ ಪುಟಾಣಿ ಡ್ರಮ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತಾ ಅದರ ಮೇಲೆ ಓರೆ ಗೆರೆ ಎಳೆಯುತ್ತದೆ. ಲೆಕ್ಕ ಹಾಕಿ, ಸೆಕೆಂಡಿಗೆ 300 ಗೆರೆ! ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ (ಸೆಕೆಂಡಿಗೆ 25 ಫ್ರೇಮ್) ಒಂದು ಫ್ರೇಮಿಗೆ 12 ಗೆರೆ.

ಈಗ ಟಿವಿಗೆ ಹಾಕುವ ಹಳದಿ ತಂತಿ ಸಿಕ್ಕಿಸಿದರೆ ಏನಾಗುತ್ತದೆ? ಕ್ಯಾಮೆರಾ ಆ ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿ ಮಾಡುತ್ತದೆ. ಬೆಳಕು, ಬಣ್ಣ ಎರಡನ್ನೂ ಒಂದೇ ತಂತಿಗೆ ತುರುಕುತ್ತದೆ. ಆ ಕಡೆ ಕಂಪ್ಯೂಟರ್ ಅದನ್ನು ಹೇಗೋ ಬಿಡಿಸಿ ಪುನಃ ಅಂಕಿ ಮಾಡುತ್ತದೆ. ಬರೆದ ಪುಟವನ್ನು ಗಟ್ಟಿಯಾಗಿ ಓದಿಸಿ, ಇನ್ನೊಬ್ಬರಿಂದ ಬರೆಸಿಕೊಂಡ ಹಾಗೆ. ಪುಟವೇ ಕೈಯಲ್ಲಿರುವಾಗ ಈ ಸುತ್ತು ಯಾಕೆ ಬೇಕು, ಅಲ್ವಾ?

ಫೈರ್‌ವೈರ್ ತಂತಿ ಪುಟವನ್ನೇ ದಾಟಿಸುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಅದರ ಹೆಸರು ಐ-ಲಿಂಕ್. ಇಲ್ಲಿ ಗುಣಮಟ್ಟ ಕುಗ್ಗುವ ಮಾತೇ ಇಲ್ಲ, ಇದು ನಕಲು. ಆದರೆ ಅವಸರವೂ ನಡೆಯದು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಜಾಗ ಸುಮಾರು 13 ಜಿಬಿ. ಪಕ್ಕದಲ್ಲಿ ಯುಎಸ್‌ಬಿ ಕಿಂಡಿ ಕಂಡಿತೆಂದು ಖುಷಿಪಡಬೇಡಿ. ಬಹಳಷ್ಟು ಮಿನಿ ಡಿವಿ ಕ್ಯಾಮೆರಾಗಳಲ್ಲಿ ಅದು ಫೋಟೋಗೆ ಇಲ್ಲವೇ ವೆಬ್‌ಕ್ಯಾಮ್ ಮಟ್ಟದ ಸಣ್ಣ ಚಿತ್ರಕ್ಕೆ ಮಾತ್ರ. ಈಗಿನ ಕಂಪ್ಯೂಟರ್‌ಗಳಲ್ಲಿ ಫೈರ್‌ವೈರ್ ಕಿಂಡಿಯೇ ಇರುವುದಿಲ್ಲ ಎಂಬುದು ನಿಜವಾದ ತಲೆನೋವು. ಡೆಸ್ಕ್‌ಟಾಪಿಗೆ ಫೈರ್‌ವೈರ್ ಕಾರ್ಡ್ ಹಾಕಿಸಬೇಕು, ಇಲ್ಲವೇ ಹಳೆಯ ಕಂಪ್ಯೂಟರನ್ನು ಎಬ್ಬಿಸಬೇಕು.

ನಡುವೆ ಚಿತ್ರದಲ್ಲಿ ಚೌಕಚೌಕದ ತುಂಡುಗಳು ಹಾರಿದರೆ, ಅಲ್ಲಿ ಹೆಡ್‌ಗೆ ಅಂಕಿ ಓದಲು ಆಗಲಿಲ್ಲ ಎಂದರ್ಥ. ಸಣ್ಣಪುಟ್ಟ ತಪ್ಪನ್ನು ಕ್ಯಾಮೆರಾ ತಾನೇ ತಿದ್ದಿಕೊಳ್ಳುತ್ತದೆ. ಅದರ ಕೈ ಮೀರಿದರೆ ಹಿಂದಿನ ಫ್ರೇಮಿನ ತುಂಡು ತಂದು ತೇಪೆ ಹಚ್ಚುತ್ತದೆ. ಹೆಡ್ ಒರೆಸಿ ಇನ್ನೊಮ್ಮೆ ಓಡಿಸಿ ನೋಡಿ. ಮೊದಲ ಸಲ ಕೆಟ್ಟ ಜಾಗ ಎರಡನೇ ಸಲ ಸರಿಯಾಗಿ ಬರುವುದುಂಟು.

ವಿಎಚ್‌ಎಸ್, ಹೈ8 ಟೇಪುಗಳ ಕಥೆ ಬೇರೆ. ಅಲ್ಲಿರುವುದೇ ಅಲೆ, ನಕಲಿಸಲು ಅಂಕಿಗಳಿಲ್ಲ. ಹೈ8ಗೆ ಎಸ್-ವಿಡಿಯೋ ತಂತಿ ಹಾಕಿದರೆ ಬೆಳಕು ಮತ್ತು ಬಣ್ಣ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ, ಕದಡುವುದು ಕಡಿಮೆ. ಒಂದು ಒಳದಾರಿಯೂ ಉಂಟು. ಹೈ8 ಗಾತ್ರದ ಟೇಪಿನಲ್ಲೇ ಅಂಕಿ ಬರೆಯುವ ಡಿಜಿಟಲ್8 ಕ್ಯಾಮೆರಾಗಳಲ್ಲಿ ಕೆಲವು ಹೈ8 ಟೇಪನ್ನೂ ಓಡಿಸಿ, ತಾವೇ ಅಂಕಿ ಮಾಡಿ ಫೈರ್‌ವೈರ್‌ನಲ್ಲಿ ಕಳಿಸುತ್ತವೆ.

2006ರ ನಂತರದ, ಟೇಪಿಲ್ಲದೆ ನೇರ ಫೈಲಾಗಿ ಬರೆಯುವ ಎವಿಸಿಎಚ್‌ಡಿ ಕ್ಯಾಮೆರಾದವರು ಅದೃಷ್ಟವಂತರು, ಸುಮ್ನೆ ಫೈಲ್ ಕಾಪಿ ಮಾಡಿದರಾಯಿತು. ಆದರೆ ಫೋಲ್ಡರನ್ನು ಇಡಿಯಾಗಿ ತೆಗೆದುಕೊಳ್ಳಿ. ಉದ್ದನೆಯ ಶಾಟ್ ಹಲವು ಫೈಲ್‌ಗಳಾಗಿ ಒಡೆದಿರುತ್ತದೆ, ಅವನ್ನು ಜೋಡಿಸುವ ಮಾಹಿತಿ ಇರುವುದು ಬೇರೆ ಫೈಲ್‌ಗಳಲ್ಲಿ.

ಇನ್ನು ಆ ಬಾಚಣಿಗೆ. ಪಾಲ್ ಕ್ಯಾಮೆರಾ ಸೆಕೆಂಡಿಗೆ 50 ಸಲ ಅರ್ಧರ್ಧ ಚಿತ್ರ ಹಿಡಿಯುತ್ತದೆ, ಒಮ್ಮೆ ಸಮ ಗೆರೆಗಳು, ಒಮ್ಮೆ ಬೆಸ. ಎರಡರ ನಡುವೆ ಕೈ ಮುಂದೆ ಹೋಗಿರುತ್ತದೆ. ಎರಡನ್ನೂ ಒಂದೇ ಫ್ರೇಮಿನಲ್ಲಿ ಹೆಣೆದು ತೋರಿಸಿದರೆ ಹಲ್ಲು ಕಾಣುತ್ತದೆ. ಮೂಲ ಫೈಲನ್ನು ಮುಟ್ಟದೆ, ನೋಡಲು ಇನ್ನೊಂದು ಪ್ರತಿ ಮಾಡಿಕೊಳ್ಳಿ. ಹೆಣೆದ ಗೆರೆಗಳನ್ನು ಬಿಡಿಸುವಾಗ, ಅಂದರೆ ಡಿಇಂಟರ್‌ಲೇಸ್ ಮಾಡುವಾಗ, 25 ಬೇಡ, 50 ಫ್ರೇಮ್ ಆರಿಸಿ. 25 ಮಾಡಿದರೆ ಅರ್ಧದಷ್ಟು ಚಲನೆ ಹೋಗಿಬಿಡುತ್ತದೆ, ಬೀಸಿದ ಕೈ ತಡೆತಡೆದು ಹಾರಿದಂತೆ ಕಾಣುತ್ತದೆ.