ಏಟು ತಿನ್ನುವವನ ಕಸುಬು

ಕ್ಲಿನಿಕ್ಕಿಗೆ ಬರುವ ಕಬಡ್ಡಿ ಹುಡುಗರನ್ನು ನಾನು ಮೊದಲು ಕೇಳುವುದು ಇಷ್ಟೇ: ‘ಬಿದ್ದಾಗ ಕೈ ಎಲ್ಲಿತ್ತು?’ ಹೆಚ್ಚಿನವರು ಅಂಗೈ ಮುಂದೆ ಚಾಚಿ ತೋರಿಸುತ್ತಾರೆ. ಬೀಳುವಾಗ ಕೈಯೂರಿ ನೆಲವನ್ನು ತಡೆಯಲು ಹೋಗುವುದು ಎಲ್ಲರ ಮೈಗೂ ತಾನಾಗಿ ಬರುವ ಬುದ್ಧಿ. ಇಡೀ ಮೈಭಾರ ಒಂದು ಮಣಿಕಟ್ಟಿನ ಮೇಲೆ ಬಂದು ಕೂರುತ್ತದೆ. ಹೆಬ್ಬೆರಳಿನ ಬುಡದ ಹತ್ತಿರ ಗೋಡಂಬಿ ಆಕಾರದ ಪುಟ್ಟ ಮೂಳೆಯೊಂದಿದೆ, ಸ್ಕೇಫಾಯ್ಡ್ ಅಂತ. ಅದು ಬಿರುಕು ಬಿಟ್ಟರೆ ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಉಳುಕಿರಬೇಕು ಅಂತ ಎಣ್ಣೆ ತಿಕ್ಕಿಸಿಕೊಂಡು, ತಿಂಗಳು ಕಳೆದ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ಬೀಳುವುದು ಹೇಗೆ ಅಂತ ಕಲಿಯಲಿ ಅಂತ ಅಂಥವರಿಗೆ ನಾನು ಮೊಬೈಲಿನಲ್ಲಿ ಅಮೆರಿಕದ ರೆಸ್ಲರ್ ರಿಕಿ ಮಾರ್ಟನ್ ಅವರ ಹಳೆಯ ಪಂದ್ಯಗಳನ್ನು ತೋರಿಸುತ್ತೇನೆ. ಕೇಬಲ್ ಟಿವಿಯಲ್ಲಿ ಡಬ್ಲ್ಯೂಡಬ್ಲ್ಯೂಎಫ್ ನೋಡಿ, ಕಾರ್ಡ್ ಆಡಿ ಬೆಳೆದ ನನ್ನ ವಯಸ್ಸಿನವರಿಗೂ ಈ ಹೆಸರು ಅಷ್ಟು ಗೊತ್ತಿಲ್ಲ. ನಮಗೆ ಅಂಡರ್‌ಟೇಕರ್ ಗೊತ್ತು, ಹಲ್ಕ್ ಹೋಗನ್ ಗೊತ್ತು. ಮಾರ್ಟನ್ ಆ ಗಾತ್ರದವರಲ್ಲ. ಉದ್ದ ಹೊಂಬಣ್ಣದ ಕೂದಲು, ತೋಳಿಗೂ ಕಾಲಿಗೂ ಕಟ್ಟಿಕೊಂಡ ಬಣ್ಣದ ಕರವಸ್ತ್ರ, ಪಕ್ಕದ ಮನೆ ಹುಡುಗನಂಥ ಮೈ. ಏಟು ತಿನ್ನುವುದೇ ಅವರ ಕಸುಬು. ನಲವತ್ತು ವರ್ಷಕ್ಕೂ ಜಾಸ್ತಿ ಅದನ್ನೇ ಮಾಡಿದರು.

‘ಅದೆಲ್ಲ ಮೊದಲೇ ಮಾತಾಡಿಕೊಂಡ ಆಟ ಅಲ್ವಾ ಸಾರ್?’ ಅಂತ ಹುಡುಗರು ಕೇಳುತ್ತಾರೆ. ಹೌದು, ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಆದರೆ ಕ್ಯಾನ್ವಾಸ್ ಕೆಳಗೆ ಇರುವುದು ತೆಳ್ಳನೆಯ ಫೋಮ್, ಅದರ ಕೆಳಗೆ ಮರದ ಹಲಗೆ, ಅದರ ಕೆಳಗೆ ಉಕ್ಕಿನ ತೊಲೆ. ಅದರ ಮೇಲೆ ಬೆನ್ನು ಹಾಕಿ ಬೀಳುವುದನ್ನು ಅವರ ಭಾಷೆಯಲ್ಲಿ ಬಂಪ್ ಅನ್ನುತ್ತಾರೆ. ನಾನು ವಿಡಿಯೋ ನಿಧಾನ ಮಾಡಿ ತೋರಿಸುವುದು ಇದನ್ನೇ. ಮಾರ್ಟನ್ ಬೀಳುವ ಮುಂಚೆ ಗಲ್ಲ ಎದೆಗೆ ಒತ್ತಿಕೊಂಡಿರುತ್ತದೆ. ಹಾಗಾಗಿ ತಲೆ ಹಿಂದಕ್ಕೆ ಚಾವಟಿಯಂತೆ ಬೀಸುವುದಿಲ್ಲ. ಮೇಲ್ಬೆನ್ನು ಅಗಲವಾಗಿ ನೆಲಕ್ಕೆ ತಾಗುತ್ತದೆ. ಅದೇ ಕ್ಷಣಕ್ಕೆ ಎರಡೂ ತೋಳು ಮೈಯಿಂದ ಸ್ವಲ್ಪ ದೂರಕ್ಕೆ ಚಾಚಿ ಅಂಗೈ ಸಮೇತ ನೆಲಕ್ಕೆ ಬಡಿಯುತ್ತವೆ. ಮೊಣಕೈ ಊರುವುದಿಲ್ಲ. ಉಸಿರು ಹೊರಗೆ ಬಿಟ್ಟಾಗಿರುತ್ತದೆ. ಪೆಟ್ಟು ಒಂದೇ ಜಾಗಕ್ಕೆ ಕೂರದೆ ಹರಡಿ ಹೋಗುತ್ತದೆ. ಆ ‘ಧಡ್’ ಸದ್ದು ಜನರಿಗೆ ಭಯ ಹುಟ್ಟಿಸುತ್ತದೆ, ನನಗೆ ಮಾತ್ರ ಸಮಾಧಾನ. ಸದ್ದು ದೊಡ್ಡದಾಯಿತು ಅಂದರೆ ಮೈ ಅಗಲವಾಗಿ ಬಿತ್ತು ಅಂತ ಅರ್ಥ.

ಇಷ್ಟಾದರೂ ನೋವು ಇದ್ದೇ ಇರುತ್ತದೆ. ಸಾವಿರಾರು ಸಲ ಹೀಗೆ ಬಿದ್ದವರ ಕತ್ತಿನ ಡಿಸ್ಕ್, ಮಂಡಿ, ಸೊಂಟ ಸವೆಯುತ್ತವೆ. ಅದಕ್ಕೆ ಯಾವ ಉಪಾಯವೂ ಇಲ್ಲ.

ಮಾರ್ಟನ್ ಹುಟ್ಟಿದ್ದು 1956ರಲ್ಲಿ, ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ. ತಂದೆ ಪಾಲ್ ಮಾರ್ಟನ್ ಅದೇ ಸೀಮೆಯಲ್ಲಿ ರೆಫರಿ. 1983ರಲ್ಲಿ ಮೆಂಫಿಸ್‌ನ ಆಯೋಜಕರು ಅವರನ್ನು ರಾಬರ್ಟ್ ಗಿಬ್ಸನ್ ಜೊತೆ ಸೇರಿಸಿ ‘ರಾಕ್ ಅಂಡ್ ರೋಲ್ ಎಕ್ಸ್‌ಪ್ರೆಸ್’ ಅಂತ ಹೆಸರಿಟ್ಟರು. ಆಗ ಅಮೆರಿಕದ ರೆಸ್ಲಿಂಗ್ ಸೀಮೆ ಸೀಮೆಯಾಗಿ ಹಂಚಿಹೋಗಿತ್ತು. ಒಂದು ಸೀಮೆಯಲ್ಲಿ ಕೆಲವು ತಿಂಗಳು ಆಡುವುದು, ಜನ ನೋಡಿ ಬೇಸತ್ತರೆ ಗಂಟುಮೂಟೆ ಕಟ್ಟಿ ಇನ್ನೊಂದಕ್ಕೆ ಹೋಗುವುದು. ಮೆಂಫಿಸ್ ಸೀಮೆಯಲ್ಲಿ ಸೋಮವಾರ ಮೆಂಫಿಸ್, ಮಂಗಳವಾರ ಲೂಯಿವಿಲ್, ಬುಧವಾರ ಇವಾನ್ಸ್‌ವಿಲ್. ಮೆಂಫಿಸ್‌ನಿಂದ ಲೂಯಿವಿಲ್‌ಗೆ ಸುಮಾರು 600 ಕಿಲೋಮೀಟರ್. ರಾತ್ರಿ ಬೆನ್ನಿಗೆ ಏಟು, ಆಮೇಲೆ ಕಾರಿನ ಸೀಟಿನಲ್ಲಿ ಮುದುಡಿ ಕೂತು ದಾರಿ ಸವೆಸುವುದು. ನನ್ನನ್ನು ಕೇಳಿದರೆ ರಿಂಗಿಗಿಂತ ಆ ಸೀಟೇ ಬೆನ್ನಿಗೆ ಜಾಸ್ತಿ ಕೆಟ್ಟದ್ದು. ಪೆಟ್ಟು ಬಿದ್ದ ಸ್ನಾಯು ಆಡುತ್ತಿರಬೇಕು, ಗಂಟೆಗಟ್ಟಲೆ ಮಡಿಚಿಟ್ಟರೆ ಬಿಗಿದುಕೊಳ್ಳುತ್ತದೆ. ಸಂಬಳ, ಆರೋಗ್ಯ ವಿಮೆ, ಪಿಂಚಣಿ ಯಾವುದೂ ಇಲ್ಲದ ಕೆಲಸ ಅದು. ಎಷ್ಟು ಟಿಕೆಟ್ ಹೋಯಿತು ಅನ್ನುವುದರ ಮೇಲೆ ಕೈಗೆ ದುಡ್ಡು.

ಮಾರ್ಟನ್ ಹೆಸರು ಕಸುಬಿನ ಮಾತಾಗಿ ಉಳಿದದ್ದು ಟ್ಯಾಗ್ ಪಂದ್ಯದಿಂದ. ಇಬ್ಬರ ಎದುರು ಇಬ್ಬರು. ಒಳಗೆ ಒಬ್ಬೊಬ್ಬರೇ ಆಡಬೇಕು. ಜೊತೆಗಾರ ಹಗ್ಗದ ಹೊರಗೆ, ಮೂಲೆಯ ಕಂಬಕ್ಕೆ ಕಟ್ಟಿದ ತುಂಡು ಹಗ್ಗ ಹಿಡಿದು ನಿಂತಿರಬೇಕು. ಕೈಗೆ ಕೈ ತಾಗಿಸಿದರೆ ಮಾತ್ರ ಅವನು ಒಳಗೆ ಬರಬಹುದು. ಎದುರಾಳಿಗಳು ಮಾರ್ಟನ್‌ರನ್ನು ತಮ್ಮ ಮೂಲೆಗೆ ಎಳೆದುಕೊಂಡು ಒಬ್ಬರಾದ ಮೇಲೆ ಒಬ್ಬರು ಹೊಡೆಯುತ್ತಾರೆ. ಮಾರ್ಟನ್ ಹೊಟ್ಟೆಯ ಮೇಲೆ ತೆವಳಿಕೊಂಡು ಗಿಬ್ಸನ್ ಕಡೆ ಕೈ ಚಾಚುತ್ತಾರೆ. ಬೆರಳಿಗೂ ಬೆರಳಿಗೂ ಒಂದು ಗೇಣು ಉಳಿದಿರುತ್ತದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಪಾದ ಹಿಡಿದು ದರದರ ಎಳೆಯುತ್ತಾರೆ. ಇನ್ನೊಮ್ಮೆ ತೆವಳಿ ಬಂದು ಕೈ ಮುಟ್ಟಿಸಿಯೇ ಬಿಡುತ್ತಾರೆ, ರೆಫರಿ ಬೇರೆ ಕಡೆ ನೋಡುತ್ತಿರುತ್ತಾನೆ. ಆ ಟ್ಯಾಗ್ ಲೆಕ್ಕಕ್ಕಿಲ್ಲ. ಜನ ಕುರ್ಚಿ ಬಿಟ್ಟು ಎದ್ದು ಕೂಗುತ್ತಾರೆ. ಕೊನೆಗೆ ಕೈಗೆ ಕೈ ನಿಜವಾಗಿ ತಾಗಿದಾಗ ಗಿಬ್ಸನ್ ಬುಗ್ಗೆ ಚಿಮ್ಮಿದಂತೆ ಒಳಗೆ ಬರುತ್ತಾರೆ. ಅದಕ್ಕೆ ಹಾಟ್ ಟ್ಯಾಗ್ ಅಂತ ಹೆಸರು. ಈ ಕ್ರಮ ಮುಂಚೆಯೂ ಇತ್ತು. ಆದರೆ ಮಾರ್ಟನ್ ಅದನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ಇವತ್ತಿಗೂ ಜೋಡಿಯಲ್ಲಿ ಏಟು ತಿನ್ನುವವನ ಪಾಲನ್ನು ‘ರಿಕಿ ಮಾರ್ಟನ್ ಆಡುವುದು’ ಅನ್ನುತ್ತಾರೆ.

ನಿಜವಾದ ನೋವು ಹೇಗೆ ಕಾಣುತ್ತದೆ ಅಂತ ನನಗೆ ದಿನವೂ ಗೊತ್ತಾಗುತ್ತದೆ. ಪಕ್ಕೆಲುಬು ನೋಯುವವರು ಕಿರುಚುವುದಿಲ್ಲ, ಉಸಿರನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ. ಎದ್ದೇಳುವಾಗ ನೋಯುವ ಕಡೆಗೆ ಬಾಗುತ್ತಾರೆ. ಮಾರ್ಟನ್ ಆಟದಲ್ಲಿ ಈ ಸಣ್ಣ ಸಣ್ಣ ಸಂಗತಿಗಳೆಲ್ಲ ಇವೆ. ಎದ್ದು ಎರಡು ಗುದ್ದು ಹಾಕಿ, ಮೂರನೆಯದಕ್ಕೆ ಕೈ ಎತ್ತಲಾಗದೆ ಕುಸಿಯುತ್ತಾರೆ. 1986ರಲ್ಲಿ ರಿಕ್ ಫ್ಲೇರ್ ಗುಂಪು ಡ್ರೆಸ್ಸಿಂಗ್ ರೂಮಿನಲ್ಲಿ ಅವರ ಮುಖವನ್ನು ಕಾಂಕ್ರೀಟ್ ನೆಲಕ್ಕೆ ಉಜ್ಜುವ ದೃಶ್ಯ ಬಂತು. ಕಥೆಯಲ್ಲಿ ಮೂಗು ಮುರಿಯಿತು. ಆಮೇಲೆ ಮಾರ್ಟನ್ ಮುಖಕ್ಕೆ ರಕ್ಷಾಕವಚ ಕಟ್ಟಿಕೊಂಡು ಆಡಿದರು. ಅದೇ ವರ್ಷ ಜುಲೈ 5ರಂದು ಶಾರ್ಲೆಟ್ ನಗರದ ಸ್ಟೇಡಿಯಂನಲ್ಲಿ, ಉಕ್ಕಿನ ಪಂಜರದೊಳಗೆ, ವಿಶ್ವ ಚಾಂಪಿಯನ್ ಫ್ಲೇರ್ ಎದುರು ಅವರೇ ಮುಖ್ಯ ಪಂದ್ಯದಲ್ಲಿದ್ದರು. ಗೆದ್ದದ್ದು ಫ್ಲೇರ್.

ಗಿಬ್ಸನ್ ಬಗ್ಗೆ ಜನ ಮಾತಾಡುವುದು ಕಡಿಮೆ. ನನಗೆ ಅವರ ಕೆಲಸವೂ ಕಷ್ಟದ್ದೇ ಅನ್ನಿಸುತ್ತದೆ. ಹತ್ತು ನಿಮಿಷ ಹೊರಗೆ ನಿಂತ ಮೈ ತಣ್ಣಗಾಗುತ್ತದೆ. ಒಳಗೆ ಕಾಲಿಟ್ಟ ಮರುಕ್ಷಣ ಪೂರ್ತಿ ವೇಗದಲ್ಲಿ ಓಡಬೇಕು, ಹಾರಿ ಎರಡೂ ಕಾಲಲ್ಲಿ ಒದೆಯುವ ಡ್ರಾಪ್‌ಕಿಕ್ ಹಾಕಬೇಕು. ತೊಡೆಯ ಹಿಂದಿನ ಸ್ನಾಯು ಹರಿಯಲು ಇಷ್ಟು ಸಾಕು. ಅವರು ಹೊರಗೆ ನಿಂತಾಗ ಚಪ್ಪಾಳೆ ತಟ್ಟುತ್ತಾ, ಕಾಲು ಅಪ್ಪಳಿಸುತ್ತಾ ಜನರನ್ನು ಹುರಿದುಂಬಿಸುತ್ತಾರಲ್ಲ, ಅದು ಅವರ ಮೈಯನ್ನೂ ಬಿಸಿ ಇಡುತ್ತದೆ. ಬದಲಿ ಆಟಗಾರರಾಗಿ ಬೆಂಚಲ್ಲಿ ಕೂರುವ ನಮ್ಮ ಹುಡುಗರಿಗೆ ಇದನ್ನು ನೋಡಿ ಅಂತ ಹೇಳುತ್ತೇನೆ.

ಎದುರಾಳಿಗಳ ಮಾತೂ ಹೇಳಬೇಕು. ಮೇಲೆತ್ತಿ ಎಸೆಯುವಾಗ ಎಸೆಸಿಕೊಂಡವನ ಕತ್ತು ಎಸೆಯುವವನ ಕೈಯಲ್ಲಿರುತ್ತದೆ. 1984ರಲ್ಲಿ ಮಿಡ್‌ಸೌತ್ ಸೀಮೆಯಲ್ಲಿ ಬಾಬಿ ಈಟನ್, ಡೆನಿಸ್ ಕಾಂಡ್ರೆ ಅವರ ‘ಮಿಡ್‌ನೈಟ್ ಎಕ್ಸ್‌ಪ್ರೆಸ್’ ಜೊತೆ ಶುರುವಾದ ಜಿದ್ದು, ಕಾಂಡ್ರೆ ಜಾಗಕ್ಕೆ ಸ್ಟಾನ್ ಲೇನ್ ಬಂದ ಮೇಲೂ 1990ರವರೆಗೆ ನಡೆಯಿತು. ಈಟನ್ ಕೈ ಎಷ್ಟು ಮೃದು ಅನ್ನುವುದನ್ನು ಅವರ ಜೊತೆ ಆಡಿದವರೆಲ್ಲ ಹೊಗಳುತ್ತಿದ್ದರು. ಇಷ್ಟು ವರ್ಷ ಒಬ್ಬರ ಮೈ ಇನ್ನೊಬ್ಬರಿಗೆ ಗೊತ್ತಿದ್ದದ್ದೂ ಮಾರ್ಟನ್ ಉಳಿದದ್ದಕ್ಕೆ ಒಂದು ಕಾರಣ ಅಂತ ನಾನು ನಂಬುತ್ತೇನೆ. ಕುಸ್ತಿ ಮಟ್ಟಿಯಲ್ಲೂ ಹಾಗೆಯೇ. ಪಳಗಿದ ಜೋಡಿ ಜೊತೆ ಜೋರು ಮಾಡುವವನಿಗಿಂತ, ಹೊಸಬನ ಜೊತೆ ಇಳಿದವನಿಗೆ ಗಾಯ ಜಾಸ್ತಿ.

1990ರಲ್ಲಿ ಗಿಬ್ಸನ್ ಮಂಡಿಗೆ ನಿಜವಾಗಿಯೇ ಪೆಟ್ಟಾಗಿ ತಿಂಗಳುಗಟ್ಟಲೆ ಹೊರಗುಳಿದರು. 1991ರಲ್ಲಿ ವಾಪಸ್ ಬಂದಾಗ ಕಂಪನಿಯವರು ಮಾರ್ಟನ್‌ರನ್ನು ಸೂಟು ಹಾಕಿದ ಖಳ ಮಾಡಿ, ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಅದು ತಪ್ಪು ನಿರ್ಧಾರ. ಏಟು ತಿಂದಾಗ ಜನ ಕಣ್ಣೀರು ಹಾಕುವ ಮನುಷ್ಯನ ಕೈಗೆ ಏಟು ಕೊಡುವ ಕೆಲಸ ಕೊಟ್ಟರು. ಹೆಚ್ಚು ದಿನ ಅದು ನಡೆಯಲಿಲ್ಲ. ಮತ್ತೆ ಇಬ್ಬರೂ ಸೇರಿ ಟೆನೆಸಿಯ ಬೆಟ್ಟಸೀಮೆಯ ಸಣ್ಣ ಕಂಪನಿಯಲ್ಲಿ, ಶಾಲೆಯ ಜಿಮ್‌ಗಳಲ್ಲಿ, ಸಿಕ್ಕಲ್ಲೆಲ್ಲ ಆಡಿದರು. 2017ರಲ್ಲಿ ಡಬ್ಲ್ಯೂಡಬ್ಲ್ಯೂಇ (ನಾವು ನೋಡಿದ ಡಬ್ಲ್ಯೂಡಬ್ಲ್ಯೂಎಫ್‌ನ ಈಗಿನ ಹೆಸರು) ಹಾಲ್ ಆಫ್ ಫೇಮ್ ಗೌರವ ಬಂತು. ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ (ಎನ್‌ಡಬ್ಲ್ಯೂಎ) ಕೊಡುವ ವಿಶ್ವ ಟ್ಯಾಗ್ ಪಟ್ಟವನ್ನು ಮೊದಲು ಗೆದ್ದದ್ದು 1985ರಲ್ಲಿ. ಅದೇ ಪಟ್ಟವನ್ನು 2019ರಲ್ಲಿ ಮತ್ತೆ ಗೆದ್ದಾಗ ಮಾರ್ಟನ್‌ಗೆ 63 ವರ್ಷ, ಗಿಬ್ಸನ್‌ಗೆ 61. ಟೆನೆಸಿಯ ಚಕ್ಕಿ ಎಂಬಲ್ಲಿ ಮಾರ್ಟನ್ ಒಂದು ತರಬೇತಿ ಶಾಲೆ ನಡೆಸುತ್ತಾ ಬಂದಿದ್ದಾರೆ. ಮಗ ಕೆರಿ ಮಾರ್ಟನ್ ಕೂಡ ಈಗ ರೆಸ್ಲರ್.

ನಮ್ಮ ಹುಡುಗರಿಗೆ ನಾನು ಕಲಿಸುವುದು ತುಂಬ ಚಿಕ್ಕದು. ದಪ್ಪ ಮ್ಯಾಟ್ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು. ಗಲ್ಲ ಎದೆಗೆ, ಕಣ್ಣು ಹೊಕ್ಕುಳ ಕಡೆಗೆ. ಉಸಿರು ಬಿಡುತ್ತಾ ಹಿಂದಕ್ಕೆ ಉರುಳಿ ಎರಡೂ ತೋಳು ಬಡಿಯಬೇಕು. ಒಂದು ವಾರ ಬರೀ ಇಷ್ಟೇ, ಆಮೇಲೆ ಅರ್ಧ ಎದ್ದು ನಿಂತು. ಮೊದಲ ದಿನ ಎಲ್ಲರೂ ಹಿಂದೆ ತಿರುಗಿ ನೆಲ ನೋಡುತ್ತಾರೆ. ನೋಡಿದರೆ ಕತ್ತು ತಿರುಚುತ್ತದೆ, ಅದಕ್ಕೇ ಪಕ್ಕದಲ್ಲಿ ಕೂತು ತಲೆಯ ಹಿಂದೆ ಕೈ ಇಟ್ಟಿರುತ್ತೇನೆ. ಮನೆಯಲ್ಲಿ ಹಾಸಿಗೆ ಹಾಸಿಕೊಂಡು ಒಬ್ಬರೇ ಮಾಡಬೇಡಿ. ಕತ್ತಿನ ಡಿಸ್ಕ್ ತೊಂದರೆ ಇರುವವರು, ಮೂಳೆ ಸವೆದಿದೆ ಅಂತ ಡಾಕ್ಟರ್ ಹೇಳಿರುವವರು ಇದನ್ನು ಮಾಡಲೇಬೇಡಿ.