ಹಿಂದಿನ ಚಕ್ರಕ್ಕೆ 14 ಇಂಚಿನ ಡಿಸ್ಕ್ ಯಾಕೆ ಬೇಡ ಅನ್ನುತ್ತೇನೆ

ಆಗಸ್ಟ್ ಹತ್ತಿರ ಬಂತು ಅಂದರೆ ಡೆಟ್ರಾಯಿಟ್ ಸುತ್ತಮುತ್ತಲಿನ ಗ್ಯಾರೇಜುಗಳಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಆ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್. 1995ರಲ್ಲಿ ಶುರುವಾದ ಈ ಹಳೇ ಕಾರುಗಳ ಮೆರವಣಿಗೆಗೆ ಊರೂರಿಂದ ಜನ ಬರುತ್ತಾರೆ. ಅಷ್ಟರೊಳಗೆ ತಮ್ಮ ಕ್ಯಾಮರೋ, ಮಸ್ಟಾಂಗ್, ಷೆವೆಲ್ ರೆಡಿ ಆಗಬೇಕು ಅಂತ ಎಲ್ಲರಿಗೂ ಅವಸರ. ಬ್ರೇಕ್ ಕೆಲಸ ಮಾಡುವ ನನ್ನ ಹತ್ತಿರ ಬರುವವರ ಬೇಡಿಕೆ ವರ್ಷ ವರ್ಷವೂ ಒಂದೇ. ಹಿಂದಕ್ಕೆ ಡಿಸ್ಕ್ ಹಾಕಿ, ಎಷ್ಟು ದೊಡ್ಡದು ಸಿಗುತ್ತೋ ಅಷ್ಟು ದೊಡ್ಡದು.

ಯಾಕೆ ಅಂತ ಕೇಳಿದರೆ ಕಾರಣವೂ ಒಂದೇ. 18 ಇಂಚಿನ ಹೊಸ ಅಲಾಯ್ ಚಕ್ರ ಹಾಕಿಸಿರುತ್ತಾರೆ. ಕಡ್ಡಿಗಳ ನಡುವೆ ಒಳಗಿನದೆಲ್ಲ ಕಾಣುತ್ತದೆ. ಮುಂದೆ 14 ಇಂಚಿನ ಡಿಸ್ಕ್, ಅದನ್ನು ಅಮುಕಿ ಹಿಡಿಯುವ ಕೆಂಪು ಕ್ಯಾಲಿಪರ್. ಹಿಂದೆ ನೋಡಿದರೆ ಹಳೇ ಡ್ರಮ್ಮು, ಪುಟ್ಟದಾಗಿ ಮೂಲೆಯಲ್ಲಿ ಕೂತಿರುತ್ತದೆ. 1969ರ ಕ್ಯಾಮರೋದ ಹಿಂದಿನ ಡ್ರಮ್ ಬರೀ ಒಂಬತ್ತೂವರೆ ಇಂಚು. ಅಷ್ಟು ದುಡ್ಡು ಸುರಿದ ಕಾರಿನಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ, ಒಪ್ಪುತ್ತೇನೆ. ಕಾರು ಚೆನ್ನಾಗಿ ಕಾಣಬೇಕು ಅನ್ನುವ ಆಸೆ ತಪ್ಪಲ್ಲ. ಆ ಆಸೆ ಇಲ್ಲದಿದ್ದರೆ ಈ ಕಾರುಗಳು ಎಂದೋ ಗುಜರಿ ಸೇರುತ್ತಿದ್ದವು. ಆದರೆ ಹಿಂದಿನ ಬ್ರೇಕಿನ ಅಳತೆಯನ್ನು ಕಣ್ಣಿಂದ ಆರಿಸಬಾರದು. ನೂರು ಸಲ ಹೇಳಿದರೂ ಜನ ಕೇಳದ ಮಾತು ಇದೊಂದೇ. ಹಾಗಾಗಿ ಇಲ್ಲಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಬ್ರೇಕ್ ಒತ್ತಿದಾಗ ಕಾರಿನ ಮೂತಿ ಕೆಳಗೆ ಬಾಗುತ್ತದೆ ಅಲ್ವಾ? ಆಗ ಹಿಂದಿನ ಚಕ್ರಗಳ ಮೇಲಿನ ಭಾರ ಮುಂದಕ್ಕೆ ಹೋಗುತ್ತದೆ. ಎಷ್ಟು ಅಂತ ಲೆಕ್ಕ ಹಾಕಬಹುದು. ಡ್ರೈವರ್ ಕೂತ ಮೇಲೆ 3,500 ಪೌಂಡ್, ಅಂದರೆ ಸುಮಾರು 1,590 ಕೆಜಿ ತೂಗುವ ಒಂದು 69ರ ಕ್ಯಾಮರೋ ತಗೊಳ್ಳಿ. ಮುಂದಿನ ಹಿಂದಿನ ಚಕ್ರಗಳ ನಡುವೆ 108 ಇಂಚು. ಕಾರಿನ ತೂಕದ ಕೇಂದ್ರ ನೆಲದಿಂದ 20 ಇಂಚು ಮೇಲಿದೆ ಅಂದುಕೊಳ್ಳೋಣ. ನಿಂತಿದ್ದಾಗ ಮುಂದೆ 55, ಹಿಂದೆ 45 ಪರ್ಸೆಂಟ್ ತೂಕ. ಹಿಂದಿನ ಪಾಲು 1,575 ಪೌಂಡ್. ಈಗಿನ ಕಾಲದ ಒಳ್ಳೆ ಟೈರ್ ಹಾಕಿ, ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಸುಮಾರು 1 ಜಿ, ಅಂದರೆ ಕಾರಿನ ತೂಕದಷ್ಟೇ ನಿಲ್ಲಿಸುವ ಬಲ ಸಿಗುತ್ತದೆ. 3,500ನ್ನು 20ರಿಂದ ಗುಣಿಸಿ 108ರಿಂದ ಭಾಗಿಸಿ. ಸುಮಾರು 650 ಪೌಂಡ್. ಅಷ್ಟು ಭಾರ ಹಿಂದಿನಿಂದ ಮುಂದಕ್ಕೆ ಹೋಯಿತು. ಹಿಂದಿನ ಎರಡು ಚಕ್ರದ ಮೇಲೆ ಉಳಿದದ್ದು 925 ಪೌಂಡ್ ಚಿಲ್ಲರೆ. ಅಂದರೆ ಕಾರಿನ ಕಾಲು ಭಾಗಕ್ಕಿಂತ ಒಂಚೂರು ಜಾಸ್ತಿ ಅಷ್ಟೇ.

ಟೈರಿನ ಹಿಡಿತ ಅದರ ಮೇಲಿನ ಭಾರಕ್ಕೆ ತಕ್ಕಂತೆ ಇರುತ್ತದೆ. ಭಾರವೇ ಇಲ್ಲದ ಚಕ್ರಕ್ಕೆ ದೊಡ್ಡ ಬ್ರೇಕ್ ಕೊಟ್ಟರೆ ಅದು ಕಾರನ್ನು ಬೇಗ ನಿಲ್ಲಿಸುವುದಿಲ್ಲ. ಚಕ್ರವನ್ನು ಬೇಗ ಜಾಮ್ ಮಾಡುತ್ತದೆ. ಜಾಮ್ ಆದ ಟೈರಿಗೆ ಅಡ್ಡಡ್ಡ ಹಿಡಿತ ಇರುವುದಿಲ್ಲ. ಮುಂದಿನ ಚಕ್ರ ಮೊದಲು ಜಾಮ್ ಆದರೆ ಕಾರು ನೆಟ್ಟಗೆ ಜಾರುತ್ತದೆ. ಸ್ಟೇರಿಂಗ್ ಕೇಳುವುದಿಲ್ಲ, ಆದರೆ ಕಾಲು ಸ್ವಲ್ಪ ಎತ್ತಿದರೆ ಸರಿಹೋಗುತ್ತದೆ. ಹಿಂದಿನದು ಮೊದಲು ಜಾಮ್ ಆದರೆ ಕಾರಿನ ಹಿಂಭಾಗ ಮುಂಭಾಗವನ್ನು ದಾಟಿ ಹೋಗಲು ನೋಡುತ್ತದೆ. ಒಂಚೂರು ವಾಲಿದ್ದು ತಾನಾಗಿ ದೊಡ್ಡದಾಗುತ್ತದೆ. ಕಾರು ಗಿರ್ರನೆ ತಿರುಗಿಬಿಡುತ್ತದೆ. ಅಷ್ಟರಲ್ಲಿ ಸರಿಪಡಿಸಿಕೊಳ್ಳುವಷ್ಟು ಚುರುಕು ನಮ್ಮಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ. ಈ ಕಾರುಗಳಲ್ಲಿ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕೂಡ ಇಲ್ಲ.

ನಮ್ಮ ಕಡೆಯವರಿಗೆ ಇದನ್ನು ಒಪ್ಪಿಸುವುದು ಇನ್ನೂ ಕಷ್ಟ. ಊರಲ್ಲಿ ಬೈಕ್ ಕಲಿಸುವವರೆಲ್ಲ "ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚಿ ಬೀಳ್ತೀಯ" ಅಂತ ಹೇಳಿಯೇ ಕಲಿಸಿರುತ್ತಾರೆ. ಹಿಂದಿನ ಬ್ರೇಕೇ ದೇವರು ಅನ್ನುವ ನಂಬಿಕೆ ಅಲ್ಲಿಂದಲೇ ಬಂದಿದೆ. ಮಳೆಯಲ್ಲಿ ಹಿಂದಿನ ಬ್ರೇಕ್ ತುಳಿದಾಗ ಬೈಕು ಅಡ್ಡ ಜಾರಿದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ತಪ್ಪನ್ನು ರಸ್ತೆಯ ಮೇಲೆ ಹಾಕಿರುತ್ತಾರೆ.

ಹೋದ ಬೇಸಿಗೆಯಲ್ಲಿ ದಾವಣಗೆರೆ ಕಡೆಯ ಒಬ್ಬ ಹುಡುಗ 67ರ ಮಸ್ಟಾಂಗ್ ತಂದಿದ್ದ. ಇಲ್ಲೇ ಸಾಫ್ಟ್‌ವೇರ್ ಕೆಲಸ. ಕಾರೆಂದರೆ ಪ್ರಾಣ. ಶನಿವಾರ ಭಾನುವಾರ ತಾನೇ ಅದರಡಿ ಮಲಗಿ ಕೆಲಸ ಮಾಡುವವನು, ಉಗುರಲ್ಲಿ ಗ್ರೀಸ್ ಹೋಗಿರುವುದೇ ಇಲ್ಲ. "ಅಣ್ಣಾ, ದುಡ್ಡಿನ ಯೋಚನೆ ಬೇಡ, ಹಿಂದಕ್ಕೆ 14 ಇಂಚೇ ಹಾಕಿ" ಅಂದ. ಮುಂದೆ ಏನಿದೆ ಅಂತ ನೋಡಿದೆ. 11 ಇಂಚಿನ ಹಳೇ ಡಿಸ್ಕ್. ಅದನ್ನು ಹಾಗೇ ಬಿಟ್ಟು ಹಿಂದಕ್ಕೆ 14! "ಮುಂದಿನದು ಕೆಲಸ ಮಾಡ್ತಿದೆಯಲ್ಲ ಅಣ್ಣಾ" ಅಂದ. ಕಾಗದ ತೆಗೆದುಕೊಂಡು ಅವನ ಜೊತೆ ಕೂತೆ.

ಬ್ರೇಕಿನ ಬಲ ಮೂರು ವಿಷಯಗಳ ಗುಣಾಕಾರ. ಕ್ಯಾಲಿಪರ್ ಪಿಸ್ಟನ್ ಎಷ್ಟು ಅಗಲ, ಪ್ಯಾಡ್ ಎಷ್ಟು ಕಚ್ಚುತ್ತದೆ, ಡಿಸ್ಕಿನ ನಡುವಿನಿಂದ ಪ್ಯಾಡ್ ಎಷ್ಟು ದೂರದಲ್ಲಿ ಕಚ್ಚುತ್ತದೆ. ಹಿಂದಕ್ಕೂ 11 ಇಂಚಿನ ಡಿಸ್ಕ್ ಹಾಕಿದರೆ ಆ ದೂರ ಸುಮಾರು 4.5 ಇಂಚು. 14ರಲ್ಲಿ ಸುಮಾರು 6. ಅಲ್ಲಿಗೆ ಬಲ ಮೂರನೇ ಒಂದು ಭಾಗ ಜಾಸ್ತಿ ಆಯಿತು. ಅವನು ಆರಿಸಿದ್ದ ಕಿಟ್‌ನಲ್ಲಿ ಪಿಸ್ಟನ್ ಕೂಡ ದೊಡ್ಡದು. ಒಂದೂವರೆ ಇಂಚಿನ ಜಾಗಕ್ಕೆ ಒಂದೂ ಮುಕ್ಕಾಲು ಇಂಚು. ನೋಡಲಿಕ್ಕೆ ಕಾಲಿಂಚು ವ್ಯತ್ಯಾಸ, ಆದರೆ ಬಲ ಪಿಸ್ಟನ್ನಿನ ಮುಖದ ವಿಸ್ತೀರ್ಣಕ್ಕೆ ತಕ್ಕಂತೆ ಏರುತ್ತದೆ. ಇನ್ನೂ 36 ಪರ್ಸೆಂಟ್ ಜಾಸ್ತಿ. ಎರಡನ್ನೂ ಗುಣಿಸಿದರೆ ಹಿಂದಿನ ಬ್ರೇಕ್ 1.8 ಪಟ್ಟು ಆಯಿತು. ಹಿಂದೆ 11 ಇಂಚು ಇದ್ದಾಗ ಮುಂದೆ 70, ಹಿಂದೆ 30 ಅಂತ ಹಂಚಿಕೊಳ್ಳುವ ಕಾರಿನಲ್ಲಿ ಈಗ ಮುಂದೆ 70, ಹಿಂದೆ 54. ಒಟ್ಟಿನಲ್ಲಿ ಹಿಂದಿನ ಪಾಲು 44 ಪರ್ಸೆಂಟ್. ಮೇಲಿನ ಲೆಕ್ಕದಂತೆ ಹಿಂದಿನ ಚಕ್ರದ ಮೇಲೆ ಭಾರ ಇರುವುದು 26 ಪರ್ಸೆಂಟ್. ಅವನು ಸುಮ್ಮನೆ ಕಾಗದವನ್ನೇ ನೋಡುತ್ತಾ ಕೂತ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದ. "ಪ್ರಪೋರ್ಷನಿಂಗ್ ವಾಲ್ವ್ ಹಾಕಿ ಹಿಂದಿನದನ್ನು ಕಮ್ಮಿ ಮಾಡಬಹುದಲ್ಲ?"

ಹಾಕಬಹುದು. ನಾನೂ ಹಾಕುತ್ತೇನೆ. ಆದರೆ ಅದು ಏನು ಮಾಡುತ್ತದೆ ಅಂತ ತಿಳಿದು ಹಾಕಬೇಕು. ಆ ವಾಲ್ವು ಮೊದಲಿಂದ ಕೊನೆಯವರೆಗೂ ಹಿಂದಿನ ಬ್ರೇಕಿಗೆ ಹೋಗುವ ಆಯಿಲಿನ ಒತ್ತಡವನ್ನು ಒಂದೇ ಸಮ ಇಳಿಸುವುದಿಲ್ಲ. ಒಂದು ಹಂತದವರೆಗೆ ಮುಂದೆ ಎಷ್ಟು ಒತ್ತಡವೋ ಹಿಂದೆಯೂ ಅಷ್ಟೇ ಹೋಗುತ್ತದೆ. ಆ ಹಂತ ದಾಟಿದ ಮೇಲೆ ಮಾತ್ರ ಹಿಂದಿನದು ನಿಧಾನವಾಗಿ ಏರುತ್ತದೆ. ತಿರುಪು ತಿರುಗಿಸಿದಾಗ ಬದಲಾಗುವುದು ಆ ಹಂತ ಮಾತ್ರ. ವಿಲ್‌ವುಡ್ ಕಂಪನಿಯ ವಾಲ್ವಿನಲ್ಲಿ ಅದನ್ನು 100ರಿಂದ 1,000 ಪಿಎಸ್‌ಐ (ಒತ್ತಡದ ಅಳತೆ) ನಡುವೆ ಎಲ್ಲಿ ಬೇಕಾದರೂ ಇಡಬಹುದು. ಅಲ್ಲಿಂದ ಮುಂದೆ ಹಿಂದಿನ ಒತ್ತಡದಲ್ಲಿ ಹೆಚ್ಚೆಂದರೆ 57 ಪರ್ಸೆಂಟ್ ಕಡಿತ.

ಈಗ ಮಳೆ ಬಂತು ಅಂದುಕೊಳ್ಳಿ. ಒದ್ದೆ ರಸ್ತೆಯಲ್ಲಿ 0.4 ಜಿ ಸಿಕ್ಕರೆ ಅದೇ ಕ್ಯಾಮರೋದಲ್ಲಿ ಮುಂದಕ್ಕೆ ಹೋಗುವ ಭಾರ ಸುಮಾರು 260 ಪೌಂಡ್ ಅಷ್ಟೇ. ಹಿಂದೆ 38 ಪರ್ಸೆಂಟ್ ಉಳಿಯುತ್ತದೆ. ಆದರೂ ಈ ದೊಡ್ಡ ಬ್ರೇಕಿನ ಪಾಲು 44. ಕಾಲು ಮೆಲ್ಲಗೆ ಇಟ್ಟಿದ್ದೀರಿ, ಒತ್ತಡ ಇನ್ನೂ ಆ ಹಂತವನ್ನೇ ಮುಟ್ಟಿಲ್ಲ, ವಾಲ್ವು ಕೆಲಸವನ್ನೇ ಶುರು ಮಾಡಿಲ್ಲ. ಅಷ್ಟರಲ್ಲಿ ಹಿಂದಿನ ಚಕ್ರ ಜಾಮ್. ಇದನ್ನು ತಪ್ಪಿಸಬೇಕಾದರೆ ವಾಲ್ವನ್ನು ತೀರಾ ಕೆಳಗೆ ಇಳಿಸಬೇಕು. ಇಳಿಸಿದರೆ ಸಾವಿರಾರು ಡಾಲರ್ ಕೊಟ್ಟು ತಂದ ಬ್ರೇಕು ಚಕ್ರದೊಳಗೆ ಸುಮ್ನೆ ಭಾರವಾಗಿ ತಿರುಗುತ್ತಿರುತ್ತದೆ. ವಾಲ್ವು ಇರುವುದು ಕೊನೆಯ ಸಣ್ಣ ಹೊಂದಾಣಿಕೆಗೆ. ಅಳತೆ ತಪ್ಪಿ ಆರಿಸಿದ್ದನ್ನು ಅದು ಸರಿ ಮಾಡುವುದಿಲ್ಲ. ಇನ್ನೊಂದು ಮಾತು. ಕಾರಿನಲ್ಲಿ ಹಳೇ ಕಾಂಬಿನೇಷನ್ ವಾಲ್ವ್ ಇದ್ದರೆ ಅದರೊಳಗೂ ಇದೇ ಕೆಲಸ ಮಾಡುವ ಭಾಗ ಇರಬಹುದು. ಅದನ್ನು ಹಾಗೇ ಬಿಟ್ಟು ಅದರ ಹಿಂದೆ ಇನ್ನೊಂದು ವಾಲ್ವ್ ಹಾಕಬೇಡಿ.

"ಹೊಸ ಕಾರುಗಳಲ್ಲಿ ಹಿಂದೆಯೂ ದೊಡ್ಡದೇ ಇರುತ್ತದಲ್ಲ" ಅಂತ ವಾದ ಮಾಡುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2010ರ ಕ್ಯಾಮರೋ ಎಸ್‌ಎಸ್‌ನಲ್ಲಿ ಮುಂದೆ 355 ಮಿಲಿಮೀಟರ್, ಹಿಂದೆ 365. ಹಿಂದಿನದೇ ದೊಡ್ಡದು! ಆದರೆ ಅಡ್ಡಳತೆ ಒಂದನ್ನೇ ನೋಡಬೇಡಿ. ಆ ಕಾರಿನ ಪಿಸ್ಟನ್, ಡಿಸ್ಕಿನ ದಪ್ಪ, ಪ್ಯಾಡ್ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಇಟ್ಟಿದ್ದಾರೆ. ಜೊತೆಗೆ ಪ್ರತಿ ಚಕ್ರವನ್ನೂ ಕಾಯುವ ಎಬಿಎಸ್ ಇದೆ. 505 ಕುದುರೆ ಶಕ್ತಿಯ 2006ರ ಕಾರ್ವೆಟ್ ಝಡ್06ರಲ್ಲಿ ನೋಡಿ, ಮುಂದೆ 355, ಹಿಂದೆ 340.

ಹಾಗಾದರೆ ಹಿಂದಕ್ಕೆ ಡಿಸ್ಕ್ ಬೇಡವೇ ಬೇಡವಾ? ಬೇಕು, ಖಂಡಿತ ಹಾಕಿಸಿ. ಡ್ರಮ್ಮಿಗಿಂತ ಡಿಸ್ಕ್ ಬಿಸಿಯನ್ನು ಬೇಗ ಬಿಡುತ್ತದೆ, ಒದ್ದೆಯಾದರೆ ಬೇಗ ಒಣಗುತ್ತದೆ, ಪ್ರತಿ ಸಲವೂ ಒಂದೇ ರೀತಿ ಹಿಡಿಯುತ್ತದೆ. ಷೆವರ್ಲೆ ಕಂಪನಿಯೇ 1969ರಲ್ಲಿ ಕ್ಯಾಮರೋಗೆ ಜೆಎಲ್8 ಅನ್ನುವ ಹೆಸರಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಕೊಟ್ಟಿತ್ತು. ತಗೊಂಡವರು ಬಹಳ ಕಮ್ಮಿ, ಸುಮಾರು ಇನ್ನೂರು ಕಾರು. ಈಗ ಅದು ಸಿಕ್ಕಿದವರು ಬಂಗಾರದ ಹಾಗೆ ಇಟ್ಟುಕೊಳ್ಳುತ್ತಾರೆ. ದೊಡ್ಡ ಡಿಸ್ಕಿನ ನಿಜವಾದ ಲಾಭ ಬಿಸಿ ತಡೆಯುವುದರಲ್ಲಿದೆ. ಗಂಟೆಗೆ 60 ಮೈಲಿಯಿಂದ ನಿಲ್ಲಿಸುವುದಕ್ಕಿಂತ 100 ಮೈಲಿಯಿಂದ ನಿಲ್ಲಿಸುವಾಗ ಹುಟ್ಟುವ ಬಿಸಿ ಸುಮಾರು ಎರಡೂ ಮುಕ್ಕಾಲು ಪಟ್ಟು. ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವವರಿಗೆ ಅದು ಬೇಕು. ವುಡ್‌ವರ್ಡ್‌ನಲ್ಲಿ ಐಸ್‌ಕ್ರೀಂ ತಿನ್ನುತ್ತಾ ಆಮೆ ವೇಗದಲ್ಲಿ ಹೋಗುವವರಿಗೆ ಬೇಡ.

ಬೀದಿಯಲ್ಲಿ ಓಡಿಸುವ ಕಾರಿಗೆ ನಾನು ಸಾಮಾನ್ಯವಾಗಿ ಹೇಳುವುದು ಮುಂದೆ 13, ಹಿಂದೆ 12 ಇಂಚು. ಎರಡನ್ನೂ ಒಂದೇ ತಯಾರಕರಿಂದ, ಒಂದಕ್ಕೊಂದು ಹೊಂದುವ ಜೋಡಿಯಾಗಿಯೇ ತಗೊಳ್ಳಿ. ದುಡ್ಡು ಸಾಲದಿದ್ದರೆ ಈ ವರ್ಷ ಮುಂದಿನದು ಮಾಡಿಸಿ, ಹಿಂದಿನದು ಮುಂದಿನ ವರ್ಷಕ್ಕಿರಲಿ. ಇದು ಎಲ್ಲ ಕಾರಿಗೂ ಹೊಂದುವ ಸೂತ್ರ ಅಲ್ಲ. ಕಬ್ಬಿಣದ ಬಿಗ್ ಬ್ಲಾಕ್ ತೆಗೆದು ಅಲ್ಯೂಮಿನಿಯಂ ಎಲ್‌ಎಸ್ ಎಂಜಿನ್ ಹಾಕಿದ್ದರೆ ಮೂತಿಯ ಭಾರ 200 ಪೌಂಡಿಗೂ ಜಾಸ್ತಿ ಇಳಿದಿರುತ್ತದೆ. ಕಾರನ್ನು ತಗ್ಗಿಸಿದ್ದರೆ, ಹಿಂದೆ ಅಗಲ ಟೈರ್ ಹಾಕಿದ್ದರೆ ಲೆಕ್ಕ ಮತ್ತೆ ಬೇರೆ. ನಿಮ್ಮ ಕಾರನ್ನು ನೋಡದೆ ಯಾರೂ ಖಚಿತವಾಗಿ ಹೇಳಲಾರರು, ನಾನೂ ಹೇಳುವುದಿಲ್ಲ.

ಇನ್ನು ಆಕ್ಸಲ್. ಜಿಎಂ ಕಂಪನಿಯ ಹಳೇ 10 ಬೋಲ್ಟ್, 12 ಬೋಲ್ಟ್ ಡಿಫರೆನ್ಶಿಯಲ್‌ಗಳಲ್ಲಿ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ಆಕ್ಸಲನ್ನು ಒಳಗಡೆ ಒಂದು ಸಿ ಕ್ಲಿಪ್ ಹಿಡಿದಿರುತ್ತದೆ. ಹಾಗಾಗಿ ಆಕ್ಸಲ್ ಒಂಚೂರು ಒಳಗೆ ಹೊರಗೆ ಆಡುತ್ತದೆ. ಡ್ರಮ್ಮಿಗೆ ಅದರಿಂದ ತೊಂದರೆ ಇಲ್ಲ. ಎರಡೂ ಕಡೆ ಪಿಸ್ಟನ್ ಇರುವ ಅಲುಗದ ಕ್ಯಾಲಿಪರ್ ಹಾಕಿದರೆ ತಿರುವಿನಲ್ಲಿ ಡಿಸ್ಕ್ ಅತ್ತಿತ್ತ ಸರಿದು ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಪೆಡಲ್ ತುಳಿದಾಗ ಕಾಲು ಅರ್ಧ ದೂರ ಖಾಲಿ ಹೋಗುತ್ತದೆ, ಎದೆ ಝಲ್ ಅನ್ನುತ್ತದೆ. ಅಂಥ ಆಕ್ಸಲ್‌ಗೆ ಡಿಸ್ಕಿನ ಜೊತೆ ಅತ್ತಿತ್ತ ಜಾರುವ ಕ್ಯಾಲಿಪರ್ರೇ ವಾಸಿ. ಫೋರ್ಡ್ ಕಂಪನಿಯ 9 ಇಂಚಿನ ಡಿಫರೆನ್ಶಿಯಲ್‌ನಲ್ಲಿ ಬೇರಿಂಗ್ ಹೊರಗಡೆಯೇ ಬೋಲ್ಟ್‌ನಲ್ಲಿ ಬಿಗಿಯಾಗಿರುವುದರಿಂದ ಈ ಕಾಟ ಇಲ್ಲ.

ಹ್ಯಾಂಡ್ ಬ್ರೇಕನ್ನು ಮಾತ್ರ ಯಾರೂ ಕೇಳುವುದೇ ಇಲ್ಲ. ಚಂದದ ಕ್ಯಾಲಿಪರ್ ತಂದುಬಿಡುತ್ತಾರೆ, ಅದರಲ್ಲಿ ಕೇಬಲ್ ಸಿಕ್ಕಿಸುವ ಜಾಗವೇ ಇರುವುದಿಲ್ಲ. ಡಿಸ್ಕಿನ ನಡುವಿನ ಟೋಪಿಯಂಥ ಭಾಗದೊಳಗೆ ಪುಟ್ಟ ಡ್ರಮ್ ಇರುವ ಕಿಟ್ ತಗೊಳ್ಳಿ. ಬ್ರೇಕ್ ಒತ್ತಡ ಹಿಡಿದಿಡುವ ಲೈನ್ ಲಾಕ್ ಇದೆಯಲ್ಲ ಅಂತ ದಯವಿಟ್ಟು ಹೇಳಬೇಡಿ. ಅದು ಹಿಡಿದಿಟ್ಟ ಒತ್ತಡ ಮೆಲ್ಲಗೆ ಇಳಿದರೆ ಕಾರು ಉರುಳುತ್ತದೆ. ಇಳಿಜಾರಿನಲ್ಲಿ ಮಕ್ಕಳು ಆಡುತ್ತಿರುತ್ತಾರೆ.

ಕೊಳ್ಳುವ ಮುಂಚೆ ತಯಾರಕರು ಕೊಡುವ ಚಕ್ರದ ಅಳತೆಯ ನಕ್ಷೆಯನ್ನು ರಟ್ಟಿನಲ್ಲಿ ಕತ್ತರಿಸಿ ಚಕ್ರದೊಳಗೆ ಹಿಡಿದು ನೋಡಿ. 13 ಇಂಚಿನ ಡಿಸ್ಕಿಗೆ ಸಾಮಾನ್ಯವಾಗಿ 17 ಇಂಚಿನ ಚಕ್ರ ಬೇಕು, 14ಕ್ಕೆ 18. ಕ್ಯಾಲಿಪರ್‌ನಲ್ಲಿ ಬ್ರೇಕ್ ಆಯಿಲಿನ ಗಾಳಿ ತೆಗೆಯುವ ನಿಪ್ಪಲ್ ಮೇಲ್ಮುಖವಾಗಿರಬೇಕು. ಎಡ ಬಲ ಅದಲು ಬದಲಾಗಿ ನಿಪ್ಪಲ್ ಕೆಳಗಾದರೆ ಇಡೀ ದಿನ ಪೆಡಲ್ ತುಳಿದರೂ ಗಾಳಿ ಹೋಗುವುದಿಲ್ಲ. ಹಳೇ ಡ್ರಮ್ ಲೈನಿನಲ್ಲಿ 10 ಪಿಎಸ್‌ಐ ಒತ್ತಡ ಹಿಡಿದಿಡುವ ವಾಲ್ವ್ ಉಳಿದಿದ್ದರೆ ತೆಗೆಸಿ. ಬಿಟ್ಟರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ.

ಎಲ್ಲ ಮುಗಿದು, ಹೊಸ ಪ್ಯಾಡ್ ಸರಿಯಾಗಿ ಪಳಗಿದ ಮೇಲೆ ವಾಲ್ವಿನ ಹೊಂದಾಣಿಕೆ. ಇದನ್ನು ರಸ್ತೆಯಲ್ಲಿ ಮಾಡಬೇಡಿ. ಅನುಮತಿ ಪಡೆದ ಖಾಲಿ ಜಾಗ ಬೇಕು, ಹೊರಗೆ ನಿಂತು ಚಕ್ರ ನೋಡಲು ಇನ್ನೊಬ್ಬರು ಬೇಕು. ಪೆಟ್ರೋಲ್ ಟ್ಯಾಂಕ್ ಬಹುತೇಕ ಖಾಲಿ ಇರಲಿ. 69ರ ಕ್ಯಾಮರೋದ 18 ಗ್ಯಾಲನ್ ತುಂಬಿದರೆ ಹಿಂದೆ 110 ಪೌಂಡ್ ಕೂರುತ್ತದೆ, ಅದು ಹಿಂದಿನ ಟೈರಿಗೆ ಸುಳ್ಳು ಧೈರ್ಯ ಕೊಡುತ್ತದೆ. ಹಿಂದಿನ ಒತ್ತಡ ತೀರಾ ಕಮ್ಮಿ ಇಟ್ಟು 30 ಮೈಲಿ ವೇಗದಲ್ಲಿ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಯಾವ ವೇಗದಲ್ಲೂ ಮುಂದಿನದೇ ಮೊದಲು ಜಾಮ್ ಆಗಬೇಕು. ಆಮೇಲೆ ನೆಲಕ್ಕೆ ನೀರು ಹಾಯಿಸಿ ಇನ್ನೊಮ್ಮೆ ನೋಡಿ. ಟೈರ್ ಬದಲಿಸಿದರೂ ಪ್ಯಾಡ್ ಬದಲಿಸಿದರೂ ಇದನ್ನು ಮೊದಲಿಂದ ಮಾಡಬೇಕು.