ಪದ ಪರಿಚಯ: ಆಂತರಿಕ ಅಭಿಪ್ರೇರಣೆ

ಕನ್ನಡ ಶಾಲೆಯಲ್ಲಿ ಓದಿದವರಿಗೆ ‘ಪ್ರೇರಣೆ’ ಎಂಬ ಮಾತು ಮೊದಲು ಎದುರಾಗುವುದು ವ್ಯಾಕರಣದ ಪಾಠದಲ್ಲಿ. ‘ಆಡು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿದರೆ ‘ಆಡಿಸು’ ಎಂಬ ಪ್ರೇರಣಾರ್ಥಕ ರೂಪವಾಗುತ್ತದೆ. ಮಗು ಆಡುತ್ತದೆ, ತಾಯಿ ಆಡಿಸುತ್ತಾಳೆ. ಅಲ್ಲಿ ಮಾಡುವವರು ಒಬ್ಬರು, ಮಾಡಿಸುವವರು ಇನ್ನೊಬ್ಬರು. ಮೋಟಿವೇಶನ್ ಎಂಬುದಕ್ಕೆ ಬಿ.ಎಡ್. ಪಠ್ಯಗಳು ಬಳಸುವ ‘ಅಭಿಪ್ರೇರಣೆ’ ಇದಕ್ಕಿಂತ ವಿಶಾಲವಾದ ಪದ: ಮನುಷ್ಯನನ್ನು ಒಂದು ಕೆಲಸಕ್ಕೆ ಹಚ್ಚುವ ಮತ್ತು ಅದರಲ್ಲಿ ನಿಲ್ಲಿಸುವ ಎಲ್ಲವೂ ಅದರೊಳಗೆ ಬರುತ್ತವೆ. ಮಾಡಿಸುವವರು ಯಾರೂ ಇಲ್ಲದೆ, ಆ ಕೆಲಸದಲ್ಲೇ ಇರುವ ಕುತೂಹಲಕ್ಕಾಗಿ, ಖುಷಿಗಾಗಿ ಮಾಡಿದರೆ ಅದು ಆಂತರಿಕ ಅಭಿಪ್ರೇರಣೆ. ಕೂಲಿ, ಅಂಕ, ಬಹುಮಾನ ಅಥವಾ ಬೈಗುಳದ ಭಯಕ್ಕೆ ಮಾಡಿದರೆ ಬಾಹ್ಯ ಅಭಿಪ್ರೇರಣೆ. ಆಂತರಿಕ ಅಭಿಪ್ರೇರಣೆಯನ್ನು ‘ಅಂತಃಪ್ರೇರಣೆ’ಯೊಡನೆ ಬೆರೆಸಬಾರದು, ಏಕೆಂದರೆ ಆ ಪದವನ್ನು ನಾವು ಒಳಗಿನ ಕರೆ, ಹೊಳಹು ಎಂಬ ಅರ್ಥದಲ್ಲಿ ಬಳಸುತ್ತೇವೆ.

ಬಾಹ್ಯವಾದದ್ದು ಕೀಳು ಎಂದೇನೂ ಅಲ್ಲ. ಕೊಡಗಿನಲ್ಲಿ ಕಾಫಿ ಕುಯ್ಲಿನ ದಿನಗಳಲ್ಲಿ ಕೆ.ಜಿ. ಲೆಕ್ಕದ ಕೂಲಿ ಇಲ್ಲದೆ ತೋಟ ನಡೆಯುವುದಿಲ್ಲ. ಆದರೆ ಸಂಜೆ ತೂಕದ ಹೊತ್ತಿಗೆ ಚೀಲ ಸುರಿದು ನೋಡಿದರೆ ಕೆಂಪು ಹಣ್ಣಿನ ನಡುವೆ ಹಸಿರು ಕಾಯಿಯೂ ಎಲೆಯೂ ಕಾಣುವುದುಂಟು. ಲೆಕ್ಕ ತೂಕದ್ದಾದ್ದರಿಂದ ಕೈ ತೂಕವನ್ನೇ ಹುಡುಕುತ್ತದೆ, ತಪ್ಪು ಕುಯ್ಯುವವರದಲ್ಲ. ಹೊರಗಿನ ಪ್ರತಿಫಲ ತಾನು ಅಳೆಯುವುದನ್ನು ಮಾತ್ರ ತಂದುಕೊಡುತ್ತದೆ.

ಹಸಿವು, ನೋವಿನಂಥ ಕೊರತೆಗಳೇ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುತ್ತವೆ ಎಂಬ ವಾದ 20ನೇ ಶತಮಾನದ ಮಧ್ಯಭಾಗದವರೆಗೂ ಬಲವಾಗಿತ್ತು. ಮನೋವಿಜ್ಞಾನಿ ಹ್ಯಾರಿ ಹಾರ್ಲೊ ಅವರ ಪ್ರಯೋಗಾಲಯದ ಕೋತಿಗಳು ತಿನ್ನಲು ಏನೂ ಸಿಗದಿದ್ದರೂ ಚಿಲಕದ ಒಗಟುಗಳನ್ನು ಮತ್ತೆ ಮತ್ತೆ ಬಿಡಿಸಿದ್ದು ಆ ವಾದಕ್ಕೆ ಸವಾಲಾಯಿತು. 1971ರಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಡೆಸಿ ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಎಂಬ ಘನಾಕೃತಿಯ ಒಗಟುಗಳನ್ನು ಕೊಟ್ಟು, ಒಂದು ಗುಂಪಿಗೆ ನಡುವಿನ ಒಂದು ಸರದಿಯಲ್ಲಿ ಮಾತ್ರ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಟ್ಟರು. ಹಣ ನಿಂತ ಮೇಲೆ, ಬೇಕಾದ್ದನ್ನು ಮಾಡಬಹುದಾಗಿದ್ದ ಬಿಡುವಿನಲ್ಲಿ, ಆ ಗುಂಪಿನವರು ಒಗಟಿನೊಡನೆ ಕಳೆಯುವ ಸಮಯ ಮೊದಲಿಗಿಂತ ಕಡಿಮೆಯಾಯಿತು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳಲ್ಲೂ ಇದನ್ನೇ ಕಂಡರು. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಮುಂದಿನ ದಿನಗಳಲ್ಲಿ ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಆ ಪೆನ್ನು ಹಿಡಿದರು. ಅದೇ ಪತ್ರ ಅನಿರೀಕ್ಷಿತವಾಗಿ ಸಿಕ್ಕ ಮಕ್ಕಳ ಆಸಕ್ತಿ ಮಾತ್ರ ಕುಗ್ಗಲಿಲ್ಲ. ಈ ಕೊನೆಯ ಸಂಗತಿಯನ್ನು ಬಹುತೇಕರು ಹೇಳದೆ ಬಿಡುತ್ತಾರೆ. ನನಗೆ ಪ್ರಯೋಗದ ತಿರುಳೇ ಅದು ಎನಿಸುತ್ತದೆ, ಏಕೆಂದರೆ ಕೆಡಿಸಿದ್ದು ಉಡುಗೊರೆಯಲ್ಲ, ‘ಇದನ್ನು ಮಾಡಿದರೆ ಅದು ಸಿಗುತ್ತದೆ’ ಎಂಬ ಕರಾರು.

ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಮಳೆಗಾಲದ ಕತ್ತಲೆ ಮಧ್ಯಾಹ್ನಗಳಲ್ಲಿ ಆಟದ ಅವಧಿ ಓದಿನ ಅವಧಿಯಾಗುತ್ತಿತ್ತು. ಉತ್ಸಾಹಕ್ಕೆಂದು ಗೋಡೆಗೆ ಪಟ್ಟಿ ತೂಗುಹಾಕಿ, ಓದಿ ಮುಗಿಸಿದ ಪ್ರತಿ ಪುಸ್ತಕಕ್ಕೂ ಒಂದು ನಕ್ಷತ್ರ ಅಂಟಿಸತೊಡಗಿದೆ. ಅಲ್ಲಿಯವರೆಗೆ ಹುಲಿಯ ಪುಸ್ತಕ ಬಿಟ್ಟು ಕದಲದಿದ್ದ ಹುಡುಗ ಒಂದು ದಿನ ಕಪಾಟಿನ ಮುಂದೆ ನಿಂತು ಕೇಳಿದ: “ಮಿಸ್, ಇದಕ್ಕಿಂತ ತೆಳ್ಳಗಿನದು ಇದೆಯಾ?” ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ಪಟ್ಟಿಯನ್ನು ಇಳಿಸಿದ ಮೇಲೂ ಅವನು ಹುಲಿಯ ಪುಸ್ತಕಕ್ಕೆ ಬೇಗ ಮರಳಲಿಲ್ಲ.

ಹೀಗಾಗುವುದೇಕೆ ಎಂಬುದಕ್ಕೆ ಡೆಸಿ ಮತ್ತು ರಿಚರ್ಡ್ ರಯನ್ ರೂಪಿಸಿದ ಸ್ವನಿರ್ಧಾರ ಸಿದ್ಧಾಂತ ಉತ್ತರ ಕೊಡುತ್ತದೆ. ತನ್ನ ಇಚ್ಛೆಯಿಂದ ಮಾಡುತ್ತಿದ್ದೇನೆ ಎಂಬ ಸ್ವಾಯತ್ತತೆ, ತನ್ನಿಂದ ಆಗುತ್ತದೆ ಎಂಬ ಸಾಮರ್ಥ್ಯದ ಅನುಭವ, ತನ್ನವರೊಡನೆ ಇದ್ದೇನೆ ಎಂಬ ನಂಟು, ಈ ಮೂರು ಮನಸ್ಸಿನ ಮೂಲಭೂತ ಅಗತ್ಯಗಳು ಎನ್ನುತ್ತದೆ ಅದು. ಬಹುಮಾನ ಹಗ್ಗದಂತೆ ಎಳೆದರೆ ಸ್ವಾಯತ್ತತೆಗೆ ಪೆಟ್ಟು ಬೀಳುತ್ತದೆ. ‘ಈ ಭಾಗ ಚೆನ್ನಾಗಿ ಬಂದಿದೆ’ ಎಂಬ ಮನಸಾರೆಯ ಮಾತು ಸಾಮರ್ಥ್ಯವನ್ನು ತೋರಿಸಿಕೊಟ್ಟು ಆಸಕ್ತಿಯನ್ನು ಬೆಳೆಸುತ್ತದೆ. ಬಹುಮಾನದಿಂದ ಹಾನಿಯೇ ಇಲ್ಲವೆಂದು ವಾದಿಸಿದವರೂ ಇದ್ದರು. 128 ಅಧ್ಯಯನಗಳನ್ನು ಒಟ್ಟುಗೂಡಿಸಿದ 1999ರ ವಿಶ್ಲೇಷಣೆಯಲ್ಲಿ ಡೆಸಿ ಮತ್ತು ಸಂಗಡಿಗರು ಹಾನಿ ನಿಜವೆಂದು ಅದಕ್ಕೆ ಉತ್ತರಿಸಿದರು.

ಒಳಗು ಹೊರಗು ಎಂಬ ಗೆರೆ ಎಲ್ಲ ಕಡೆಯೂ ಸ್ಪಷ್ಟವಾಗಿರುವುದಿಲ್ಲ. 1997ರಲ್ಲಿ ಕೊಡಗಿನ ಕರಡದಲ್ಲಿ 60 ಕುಟುಂಬಗಳಿಂದ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಬೆಂಗಳೂರಿನಿಂದ ರಜೆ ಹಾಕಿ ಬಂದು, ಎಷ್ಟೋ ಕಾಲದಿಂದ ಸ್ಟಿಕ್ ಮುಟ್ಟದವರೂ ಮೈದಾನಕ್ಕಿಳಿಯುತ್ತಾರೆ. ಅವರಲ್ಲಿ ಆಟದ ಸುಖಕ್ಕಷ್ಟೇ ಬಂದವರು ಎಲ್ಲರೂ ಅಲ್ಲ. ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು ಕರೆದಿರುತ್ತದೆ. ಹೊರಗಿನಿಂದ ಬಂದ ಕರೆಯನ್ನು ತನ್ನದೇ ಮೌಲ್ಯವಾಗಿ ಒಪ್ಪಿಕೊಂಡು ನಡೆಯುವ ಇಂಥ ಸ್ಥಿತಿಗೂ ಆ ಸಿದ್ಧಾಂತದಲ್ಲಿ ಜಾಗವಿದೆ. ಅದನ್ನು ಬಾಹ್ಯದ ಕಡೆಗೇ ಸೇರಿಸಿದರೂ, ಸ್ವಾಯತ್ತತೆಯ ಲೆಕ್ಕದಲ್ಲಿ ಆಂತರಿಕದ ಪಕ್ಕದಲ್ಲೇ ಇಡುತ್ತದೆ: ಅಜ್ಜನ ಒಕ್ಕಕ್ಕಾಗಿ ಓಡುವ ಮೊಮ್ಮಗನನ್ನು ಯಾರೋ ಆಡಿಸುತ್ತಿಲ್ಲ, ಅವನೇ ಆಡುತ್ತಿದ್ದಾನೆ.